ಪಾರ್ವತಮ್ಮನ ಎಡಗೈ

ಮಂಡಿ ಮೊಹಲ್ಲಾದಲ್ಲಿ ಹಗ್ಗ, ಹುರಿ, ಗೋಣಿಚೀಲಗಳ ಅಂಗಡಿ ನಡೆಸುತ್ತಿದ್ದ ಪಾರ್ವತಮ್ಮನವರ ಸಿಟ್ಟು ಇಡೀ ಬೀದಿಗೆ ಪರಿಚಿತವಾಗಿತ್ತು. ಒದ್ದೆ ನಾರು ಬೆರೆಸಿ ತಂದ ಹಳ್ಳಿಯವನು, ತಕ್ಕಡಿಯ ಮೇಲೆ ಬೆರಳಿಟ್ಟ ಹಮಾಲಿ, ಅಂಗಡಿ ಮುಂದೆ ಎಲೆಯಡಿಕೆ ಉಗುಳಿದ ಸರ್ಕಾರಿ ನೌಕರ, ಯಾರೇ ಆಗಲಿ, ಅವರ ಬಾಯಿಗೆ ಸಿಕ್ಕಿದವರು ತಲೆ ತಗ್ಗಿಸಿಕೊಂಡೇ ಹೋಗಬೇಕಾಗಿತ್ತು.

ಆ ಸಿಟ್ಟು ಹುಟ್ಟಿನಿಂದ ಬಂದದ್ದಲ್ಲ. ಗಂಡ ಚನ್ನಬಸವಯ್ಯನವರು ತೀರಿಕೊಂಡದ್ದು ಸ್ವಾತಂತ್ರ್ಯ ಬಂದ ವರ್ಷ. ಜವಾಬ್ದಾರಿ ಸರ್ಕಾರ ಕೊಡಿ ಎಂದು ಊರೆಲ್ಲ ಅರಮನೆಯ ಕಡೆ ಮುಖ ಮಾಡಿ ಘೋಷಣೆ ಕೂಗುತ್ತಿದ್ದ ದಿನಗಳಲ್ಲಿ ಆಕೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುಚ್ಚಿದ ಅಂಗಡಿಯ ಕತ್ತಲೆಯಲ್ಲಿ ಕೂತಿದ್ದರು. ಗಂಡನ ಕಡೆಯ ದಾಯಾದಿಗಳು ಬಂದು, ಹೆಂಗಸು ಗದ್ದಿಗೆಯ ಮೇಲೆ ಕೂತರೆ ನೋಡೋಕೆ ಚೆನ್ನಾಗಿರೋಲ್ಲ, ಅಂಗಡಿ ನಮಗೆ ವಹಿಸಿಬಿಡು ಅಂದರು. "ಚೆನ್ನಾಗಿಲ್ದಿದ್ರೆ ನೋಡ್ಬೇಡಿ" ಎಂದು ಪಾರ್ವತಮ್ಮ ಎದ್ದು ಹೋಗಿ ಅಂಗಡಿಯ ಬಾಗಿಲು ತೆಗೆದರು. ಅವತ್ತಿನಿಂದ ಸಿಟ್ಟು ಅವರ ಊರುಗೋಲಾಯಿತು. ಅದನ್ನು ಹಿಡಿದುಕೊಂಡೇ ಅಂಗಡಿ ಉಳಿಸಿದರು, ಮಗ ಕರಿಬಸವಯ್ಯನನ್ನು ಓದಿಸಿದರು, ಪ್ರೇಮಲೀಲಾ ಎಂಬ ಮೆದು ಮಾತಿನ ಹುಡುಗಿಯನ್ನು ಸೊಸೆಯಾಗಿ ತಂದುಕೊಂಡರು.

ದಿನದಲ್ಲಿ ಒಂದು ಹೊತ್ತು ಮಾತ್ರ ಆ ಸಿಟ್ಟು ಬಾಗಿಲಾಚೆ ನಿಲ್ಲುತ್ತಿತ್ತು. ಬೆಳಗ್ಗೆ ಮೈತೊಳೆದು, ಹಣೆಗೆ ವಿಭೂತಿ ಹಚ್ಚಿ, ನಡುಮನೆಯ ಪಕ್ಕದ ಪುಟ್ಟ ಕೋಣೆಯಲ್ಲಿ ಮಣೆಯ ಮೇಲೆ ಕೂರುವರು. ಎದೆಯ ಮೇಲೆ ಶಿವದಾರದಲ್ಲಿ ತೂಗುವ ಬೆಳ್ಳಿಯ ಕರಡಿಗೆಯನ್ನು ತೆಗೆದು, ಒಳಗಿನ ವಸ್ತ್ರ ಬಿಡಿಸಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟು ಕಣ್ಣ ಮಟ್ಟಕ್ಕೆ ಎತ್ತುವರು. ಬಾಲ್ಯದಲ್ಲಿ ಮಠದ ಗುರುಗಳು ಅದೇ ಅಂಗೈಗೆ ಇಟ್ಟುಕೊಟ್ಟ ಲಿಂಗ ಅದು. ಕಿಟಕಿಯ ಬೆಳಕು ಅದರ ಕರಿ ಮೈಮೇಲೆ ಒಂದು ಚುಕ್ಕೆಯಾಗಿ ಕೂರುತ್ತಿತ್ತು. ಆ ಚುಕ್ಕೆಯಲ್ಲಿ ಕಣ್ಣು ನೆಟ್ಟರೆ ಅಂಗಡಿಯಿಲ್ಲ, ದಾಯಾದಿಗಳಿಲ್ಲ, ಸತ್ತ ಗಂಡನಿಲ್ಲ. ನಿಂತ ನೀರಿನಂತೆ ಮನಸ್ಸು. ಎದ್ದು ಹೊರಗೆ ಬಂದ ಮೇಲೆ ಮತ್ತೆ ಬೈಗುಳ ಸುರುವಾಗುತ್ತಿತ್ತು, ಅದು ಬೇರೆ ಮಾತು.

ಸೇರು ಹೋಗಿ ಕಿಲೋ ಬಂದು ಪೇಟೆಯೆಲ್ಲ ತಕ್ಕಡಿ ಕಲ್ಲುಗಳನ್ನು ಬದಲಾಯಿಸಿಕೊಳ್ಳುತ್ತಿದ್ದ ಕಾಲದಲ್ಲಿ ಆ ಎಡಗೈ ನಡುಗತೊಡಗಿತು. ಸುಮ್ಮನೆ ತೊಡೆಯ ಮೇಲಿಟ್ಟಾಗಲೇ ಅದರ ಆಟ. ಹೆಬ್ಬೆರಳು ಉಳಿದ ಬೆರಳುಗಳ ಮೇಲೆ ಉರುಳುತ್ತಿತ್ತು, ಕಾಣದ ನಾರನ್ನು ಹೊಸೆಯುತ್ತಿರುವ ಹಾಗೆ. "ಅವ್ವಾರು ಕೂತ್ಕಂಡೇ ಹುರಿ ಹೊಸೀತಾವ್ರೆ" ಎಂದು ಹಮಾಲಿಗಳು ನಕ್ಕರು. ಪಾರ್ವತಮ್ಮನೂ ನಕ್ಕರು. ಆಮೇಲೆ ನಡಿಗೆ ಚಿಕ್ಕದಾಯಿತು. ಮೈ ಬಿಗಿಯಿತು. ಹೊಸಿಲು ಬಂದರೆ ಪಾದ ನೆಲಕ್ಕೆ ಅಂಟಿಕೊಂಡು ನಿಲ್ಲತೊಡಗಿತು. ಮುಖ ಗಡುಸಾಯಿತು. ಸಿಟ್ಟು ಬರಲಿ, ನಗು ಬರಲಿ, ಮುಖದಲ್ಲಿ ಕಾಣಿಸುತ್ತಿರಲಿಲ್ಲ. ತಮಗೆ ಸಿಟ್ಟು ಬಂದಿದೆಯೆಂದು ಬಾಯಿಬಿಟ್ಟು ಹೇಳಬೇಕಾಗಿ ಬಂದದ್ದು ಅವರಿಗೆ ಎಲ್ಲಕ್ಕಿಂತ ದೊಡ್ಡ ಅವಮಾನ.

ಆಸ್ಪತ್ರೆಯ ಡಾಕ್ಟರು ಕೈ ಮಡಿಸಿ ಬಿಡಿಸಿ, ನಡೆಸಿ ನೋಡಿದರು. "ಪಾರ್ಕಿನ್ಸನ್ ಕಾಯಿಲೆ ಅಂತಾರೆ ಕಣಮ್ಮ ಇದನ್ನ. ಪೂರ್ತಿ ವಾಸಿಯಾಗೋದಲ್ಲ. ಹಾಗಂತ ನಾಳೆಯೇ ಏನೋ ಆಗೋದೂ ಅಲ್ಲ. ಮಾತ್ರೆ ಕೊಡ್ತೀನಿ, ಸ್ವಲ್ಪ ಹಿಡಿತಕ್ಕೆ ಬರುತ್ತೆ. ಬಾಯಿ ಮಾತ್ರ ಒಣಗುತ್ತೆ."

"ನನ್ನ ಬಾಯಿ ಒಣಗಿದ್ರೆ ಮನೇಲಿ ಹಬ್ಬ ಮಾಡ್ತಾರೆ, ಕೊಡಿ" ಅಂದರು ಪಾರ್ವತಮ್ಮ.

ಕರಿಬಸವಯ್ಯ ಅಲ್ಲಿಗೇ ನಿಲ್ಲಿಸಲಿಲ್ಲ. ಅಗ್ರಹಾರದ ವೆಂಕಟಸುಬ್ಬಯ್ಯ ಪಂಡಿತರ ಹತ್ತಿರವೂ ಕರೆದುಕೊಂಡು ಹೋದ. ಪಂಡಿತರು ನಾಡಿ ನೋಡಿ, ಇದು ಕಂಪವಾತ, ಡಾಕ್ಟರ ಮಾತ್ರೆ ಬಿಡಬೇಡಿ, ನಾನು ಕೊಡೋದು ಅದರ ಜೊತೆಗೆ ಅಂದರು. ನಸುಗುನ್ನಿ ಬೀಜವನ್ನು ಹಾಲಿನಲ್ಲಿ ಬೇಯಿಸಿ, ಸಿಪ್ಪೆ ತೆಗೆದು, ಒಣಗಿಸಿ ಪುಡಿ ಮಾಡಿ ಕೊಡಬೇಕು. ನಿತ್ಯ ಬೆಳಗ್ಗೆ ಎಳ್ಳೆಣ್ಣೆ ಹಚ್ಚಿ ಮೈ ತಿಕ್ಕಿಸಬೇಕು.

"ನಸುಗುನ್ನೀನೇ? ಆಗದವರ ಹಾಸಿಗೆ ಮೇಲೆ ಉದುರಿಸಿ ಮೈ ಕೆರೆಸೋ ಕಾಯಲ್ವೇ ಅದು? ಅದನ್ನ ನನಗೆ ತಿನ್ನಿಸ್ತೀರಾ ಪಂಡಿತರೇ?"

"ಕೆರೆತ ಇರೋದು ಕಾಯಿಯ ಮೇಲಿನ ಸುಂಕಿನಲ್ಲಿ, ಬೀಜದಲ್ಲಲ್ಲ ತಾಯಿ" ಎಂದು ಪಂಡಿತರು ನಕ್ಕರು. ಹೊರಡುವಾಗ ಮತ್ತೊಂದು ಮಾತು ಹೇಳಿದರು. "ಗಾಬರಿಯಾದಾಗ ನಡುಕ ಇಮ್ಮಡಿಯಾಗುತ್ತೆ. ಉಸಿರು ನಿಧಾನ ಬಿಡೋದು ರೂಢಿ ಮಾಡ್ಕೊಳ್ಳಿ. ಹೆದರಿಸುವಂಥವರನ್ನ ಹತ್ತಿರ ಸೇರಿಸಬೇಡಿ."

"ಹೆದರಿಸೋರು ನಮ್ಮನೇಲಿ ಯಾರೂ ಇಲ್ಲ. ಎಲ್ಲ ನೋಡ್ಕೊಳ್ಳೋರೇ" ಅಂದರು ಪಾರ್ವತಮ್ಮ.

ಆ ನೋಡಿಕೊಳ್ಳುವಿಕೆಯಿಂದಲೇ ಅವರು ಬೇಯತೊಡಗಿದರು. ಸೊಸೆ ಕಾಫಿಯನ್ನು ಅರ್ಧ ಲೋಟ ಕೊಡುತ್ತಿದ್ದಳು, ತುಳುಕೀತೆಂದು. ಹುರಿ ಕತ್ತರಿಸುವ ಚೂರಿ ಒಂದು ದಿನ ಗದ್ದಿಗೆಯ ಪಕ್ಕದಿಂದ ಮಾಯವಾಯಿತು. ಬಂದ ನೆಂಟರೆಲ್ಲ ಮುಖ ನೋಡುವ ಮೊದಲು ಕೈ ನೋಡುತ್ತಿದ್ದರು. "ಇವತ್ತು ಹೆಂಗಿದೆ ಪಾರ್ವತಕ್ಕ, ಕೈ?" "ಅದನ್ನೇ ಕೇಳು, ಅದಕ್ಕೂ ಬಾಯಿ ಬಂದಿರಬೋದು" ಎಂದು ಇವರು ಉತ್ತರ ಕೊಟ್ಟು ಸೆರಗಿನೊಳಗೆ ಕೈ ಎಳೆದುಕೊಳ್ಳುತ್ತಿದ್ದರು. ಒಳಗೆ ಎಳೆದುಕೊಂಡ ಕೈ ಮತ್ತೂ ಜೋರಾಗಿ ನಡುಗುತ್ತಿತ್ತು.

ಪೂಜೆಯ ಕೋಣೆಗೂ ಆ ಕಾಳಜಿ ನುಗ್ಗಿತು. ಲಿಂಗ ಎತ್ತಿದ ಕ್ಷಣಕ್ಕೆ ಅಂಗೈ ತಣ್ಣಗೆ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿಗೆ ಮಣಿಕಟ್ಟಿನಿಂದ ನಡುಕ ಏರಿ ಬರುತ್ತಿತ್ತು. ಲಿಂಗದ ಮೇಲಿನ ಬೆಳಕಿನ ಚುಕ್ಕೆ ಗೀರಾಗಿ, ಗೀರು ಗೊಂದಲವಾಗಿ ಕಣ್ಣೆದುರು ಹಾರಾಡುತ್ತಿತ್ತು. ಅಷ್ಟಾದರೂ ಪಾರ್ವತಮ್ಮ ಬಿಟ್ಟಿರಲಿಲ್ಲ. ನಡುಕದ ನಡುವೆಯೇ ಆ ಚುಕ್ಕೆಯನ್ನು ಹಿಂಬಾಲಿಸುವುದನ್ನು ಕಲಿಯುತ್ತಿದ್ದರು. ಆದರೆ ಒಂದು ಬೆಳಗ್ಗೆ ಚುಕ್ಕೆಯಿಂದ ಕಣ್ಣು ತೆಗೆದರೆ ಮಗ ಎದುರಿಗೆ ಮೊಣಕಾಲೂರಿ, ಅವರ ಕೈಯ ಕೆಳಗೆ ತನ್ನ ಎರಡೂ ಅಂಗೈಗಳನ್ನು ಬೊಗಸೆ ಮಾಡಿ ಹಿಡಿದು ಕೂತಿದ್ದ.

"ಏನೋ ಇದು? ಭಿಕ್ಷೆಗೆ ಬಂದಿದ್ದೀಯಾ?"

"ಜಾರಿಗೀರಿ ಬಿದ್ರೆ ಅಂತ ಕಣವ್ವ. ನೀ ಪೂಜೆ ಮಾಡವ್ವ, ನಾನಿಲ್ಲಿ ಇಲ್ಲ ಅಂತ ತಿಳ್ಕೊ."

ಇದ್ದವನನ್ನು ಇಲ್ಲವೆಂದು ತಿಳಿದುಕೊಳ್ಳುವುದು ಹೇಗೆ? ಆ ಬೊಗಸೆ ಕಂಡರೇ ಅಂಗೈ ಬೆವರುತ್ತಿತ್ತು. ಲಿಂಗ ನೆಲಕ್ಕೆ ಬಿದ್ದರೆ ಪ್ರಾಣವೇ ಹೋದ ಹಾಗೆ, ಬಿದ್ದ ಮೇಲೆ ಬದುಕಿರಬಾರದು ಎಂದು ಅಜ್ಜಿ ಹೇಳುತ್ತಿದ್ದುದನ್ನು ಪಾರ್ವತಮ್ಮ ಮರೆತಿರಲಿಲ್ಲ. ಮಗನಿಗೂ ಅದನ್ನು ಅವರೇ ಹೇಳಿ ಬೆಳೆಸಿದ್ದರು. ಈಗ ಆ ಮಾತು ನಿತ್ಯ ಬೊಗಸೆಯಾಗಿ ಕೈಯ ಕೆಳಗೆ ಬಂದು ಕೂರುತ್ತಿತ್ತು.

ಕಡೆಗೆ ಕರಿಬಸವಯ್ಯ ಮನೆತನದ ಅಯ್ಯನವರಾದ ಮರಿದೇವಯ್ಯನವರನ್ನು ಕರೆಸಿದ. ಮರಿದೇವಯ್ಯನವರು ಒಳ್ಳೆಯವರು, ಯಾರ ಮನಸ್ಸನ್ನೂ ನೋಯಿಸದೆ ಊಟ ಮಾಡಿ ಹೋಗುವವರು. ನಡುಗುವ ಕೈಯನ್ನೇ ನೋಡುತ್ತ, "ಇನ್ನು ಮೇಲೆ ಕರಡಿಗೆ ತೆಗೆಯೋದು ಬೇಡ ತಾಯಿ. ಕೊರಳಲ್ಲೇ ಇರಲಿ. ಕಣ್ಣಲ್ಲೇ ಪೂಜೆ ಮಾಡಿ. ಶಿವ ಒಪ್ಕೋತಾನೆ" ಎಂದರು.

"ಹಂಗಾ ಬುದ್ಧಿ? ಈಗ ನಿಮಗೆ ಎಲೆ ಹಾಕಿದ್ದೀವಲ್ಲ, ಕಣ್ಣಲ್ಲೇ ಬಡಿಸಲಾ? ನೀವೂ ಒಪ್ಕೋತೀರಾ?"

ಪ್ರೇಮಲೀಲಾ ನಗು ತಡೆಯಲಾರದೆ ಅಡಿಗೆಮನೆಗೆ ಓಡಿದಳು. ಅಯ್ಯನವರು ಮಂಕಾಗಿ ಎಲೆಯ ಮುಂದೆ ಕೂತರು. ಕರಿಬಸವಯ್ಯ ಮಾತ್ರ ನಗಲಿಲ್ಲ.

ಅವತ್ತು ಸಂಜೆ ಅವನು ಮೆತ್ತಗೆ ಬಂದು ಹೇಳಿದ. "ಅವ್ವ, ನಿನ್ನ ಕರಡಿಗೆ ಮುಚ್ಚಳ ಸವೆದುಹೋಗಿದೆ. ಅಕ್ಕಸಾಲಿಗೆ ಕೊಟ್ಟು ಸರಿ ಮಾಡಿಸ್ಕೊಂಡು ಬತ್ತೀನಿ." ಸವೆದಿದ್ದದ್ದು ನಿಜ. ಪಾರ್ವತಮ್ಮ ಲಿಂಗವನ್ನು ವಸ್ತ್ರದಲ್ಲೇ ಸುತ್ತಿ ಕೊರಳಿಗೆ ಕಟ್ಟಿಕೊಂಡು ಬೆಳ್ಳಿಯ ಕರಡಿಗೆಯನ್ನು ಮಗನ ಕೈಗಿಟ್ಟರು. ಮಾರನೆಯ ದಿನ ಅದು ಮಿರಮಿರ ಮಿಂಚುತ್ತ ವಾಪಸು ಬಂತು. ಮಗನೇ ಲಿಂಗವನ್ನು ಅದರೊಳಗಿಟ್ಟು ಮುಚ್ಚಿ ತಾಯಿಯ ಕೊರಳಿಗೆ ಹಾಕಿದ.

ಅದರ ಮರುದಿನ ಬೆಳಗ್ಗೆ ಕರಡಿಗೆ ತೆರೆಯಲಿಲ್ಲ.

ಪಾರ್ವತಮ್ಮ ಬಲಗೈಯಿಂದ ತಿರುಗಿಸಿದರು. ಎಡಗೈಯಿಂದ ಹಿಡಿದುಕೊಂಡು ತಿರುಗಿಸಿದರು. ಸೆರಗು ಸುತ್ತಿ ತಿರುಗಿಸಿದರು. ಬೆರಳ ತುದಿ ಕೆಂಪಾಯಿತೇ ಹೊರತು ಮುಚ್ಚಳ ಮಿಸುಕಲಿಲ್ಲ. ಮೊನ್ನೆಯವರೆಗೆ ಕಣ್ಣು ಮುಚ್ಚಿ ತೆಗೆಯುತ್ತಿದ್ದದ್ದು ಇವತ್ತು ಆಗುತ್ತಿಲ್ಲ. ಮುಚ್ಚಳವನ್ನು ಈಗಷ್ಟೇ ಸರಿ ಮಾಡಿಸಿ ತಂದಿದೆ, ಕೆಟ್ಟಿರುವುದು ಕೈಯೇ. ಡಾಕ್ಟರು ಹೇಳಿರಲಿಲ್ಲವೇ, ಇದು ವಾಸಿಯಾಗದ ಕಾಯಿಲೆ ಎಂದು? ಹೀಗೆ ಎರಡೇ ದಿನದಲ್ಲಿ ಕೈಯ ಶಕ್ತಿಯೆಲ್ಲ ಬಸಿದುಹೋಗುತ್ತದೆಂದು ಮಾತ್ರ ಯಾರೂ ಹೇಳಿರಲಿಲ್ಲ. ಅವರು ಮುಚ್ಚಿದ ಕರಡಿಗೆಯನ್ನೇ ಅಂಗೈಯಲ್ಲಿಟ್ಟುಕೊಂಡು ಕೂತರು. ಹೊಳಪು ಹಾಕಿದ ಬೆಳ್ಳಿಯಲ್ಲಿ ಅವರ ಗಡುಸು ಮುಖವೇ ಅವರಿಗೆ ಕಾಣಿಸಿತು. ನಿಲ್ಲುವ ಚುಕ್ಕೆ ಎಲ್ಲಿಯೂ ಇರಲಿಲ್ಲ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಮತ್ತೆ ಅದೇ, ಮುಖ ಬಿಟ್ಟು ಕೈ ನೋಡುವ ಕಣ್ಣುಗಳು. ದಿನವೂ ಬೆಳಗ್ಗೆ ಬಾಗಿಲು ಸರಿಸಿಕೊಂಡು ತಿರುಪಿನ ಜೊತೆ ಗುದ್ದಾಡಿ, ಸೋತು, ಮುಚ್ಚಿದ ಬೆಳ್ಳಿಗೇ ವಿಭೂತಿ ಹಚ್ಚಿ ಎದ್ದು ಬರುತ್ತಿದ್ದರು. ಅಂಗಡಿಗೆ ಹೋಗುವುದು ನಿಂತಿತು. ಸೊಸೆ ಕೊಟ್ಟ ಅರ್ಧ ಲೋಟ ಕಾಫಿಯನ್ನು ಮಾತಿಲ್ಲದೆ ಕುಡಿದರು. ಹಮಾಲಿ ನಡುಮನೆಯ ಬಾಗಿಲಲ್ಲೇ ಚೀಲ ಎಳೆದಾಡಿ ಹರಿದರೂ ಕೂಗಲಿಲ್ಲ. ಚೂರಿ ಎಲ್ಲಿ ಎಂದು ಕೇಳುವುದನ್ನೂ ಬಿಟ್ಟರು.

ಮನೆಯವರಿಗೆ ಇದು ಗುಣವಾಗಿ ಕಂಡಿತು. "ಅವ್ವಂಗೆ ಈಗ ಎಷ್ಟು ಸಮಾಧಾನ ಬಂದಿದೆ ನೋಡು" ಎಂದು ಕರಿಬಸವಯ್ಯ ಹೆಂಡತಿಯ ಹತ್ತಿರ ಹೇಳುವುದು ಗೋಡೆಯಾಚೆಯಿಂದ ಪಾರ್ವತಮ್ಮನ ಕಿವಿಗೆ ಬಿತ್ತು. ಪಂಡಿತರ ಪುಡಿ ಹಿಡಿಯಿತೆಂದು ಒಬ್ಬರು, ಅಯ್ಯನವರ ಮಾತು ನಾಟಿತೆಂದು ಇನ್ನೊಬ್ಬರು. ಕೇಳಿ ಉರಿಯಬೇಕಾಗಿದ್ದ ಎದೆಯಲ್ಲಿ ಬೂದಿಯಷ್ಟೇ ಇತ್ತು.

ಮೋಸಹೋಗದೆ ಇದ್ದವಳು ಎಣ್ಣೆ ತಿಕ್ಕಲು ಕುಂಬಾರಕೊಪ್ಪಲಿನಿಂದ ಬರುತ್ತಿದ್ದ ಮಾದೇವಮ್ಮ ಒಬ್ಬಳೇ. ಬಾಣಂತಿಯರಿಗೆ, ಕೂಸುಗಳಿಗೆ ಎಣ್ಣೆನೀರು ಹಾಕಿಯೇ ತಲೆ ನರೆತವಳು. ಅವಳಿಗೂ ಪಾರ್ವತಮ್ಮನಿಗೂ ಮೊದಲ ದಿನದಿಂದಲೇ ಜಗಳ. ಬಚ್ಚಲಮನೆಯಲ್ಲಿ ಎಣ್ಣೆ ಕಾಯಿಸಿ, ಹೆಗಲಿಂದ ಬೆರಳ ತುದಿಯವರೆಗೆ ಎಳೆದೆಳೆದು ನೀವುತ್ತ, ಬಿಗಿದ ಕತ್ತಿನ ನರಕ್ಕೆ ಹೆಬ್ಬೆರಳೂರಿ, ಅವಳು ಬಾಯಿಗೂ ಬಿಡುವು ಕೊಡುತ್ತಿರಲಿಲ್ಲ. ಬಚ್ಚಲ ಹೊಸಿಲಲ್ಲಿ ಪಾದ ಅಂಟಿಕೊಂಡರೆ ಎಳೆಯುತ್ತಿರಲಿಲ್ಲ, ತಳ್ಳುತ್ತಿರಲಿಲ್ಲ. ಹಿತ್ತಾಳೆ ಚೊಂಬನ್ನು ತನ್ನ ಬಳೆಯಿಂದ ಟಣ್, ಟಣ್ ಎಂದು ಬಡಿಯುತ್ತಿದ್ದಳು. ಆ ಸದ್ದಿಗೆ ಕಾಲು ತಾನಾಗಿ ಎದ್ದು ಹೆಜ್ಜೆ ಹಾಕುತ್ತಿತ್ತು. "ಕೋಲೆ ಬಸವನ್ನ ನಡಸ್ದಂಗೆ ನಡಸ್ತೀಯಲ್ಲೇ" ಎಂದು ಪಾರ್ವತಮ್ಮ ರೇಗಿದರೆ, "ಬಸವ ಆದ್ರೆ ತಲೆಯಾದ್ರೂ ಆಡುಸ್ತದೆ, ನೀವು ಬರೀ ಬೈತೀರಿ" ಅನ್ನುವಳು. ಆ ಹೊತ್ತಿನಲ್ಲಿ ಮೈ ಹಗುರಾಗುತ್ತಿತ್ತು. ಕೈಯ ನಡುಕ ಎಣ್ಣೆಯ ಬಿಸಿಯಲ್ಲಿ ಮಂಪರು ಹತ್ತಿದಂತೆ ತೂಕಡಿಸುತ್ತಿತ್ತು. ಮಾದೇವಮ್ಮ ಆ ಕೈಯನ್ನು ದಿಟ್ಟಿಸುತ್ತಲೇ ಇರಲಿಲ್ಲ. ಅವಳಿಗೆ ಅದು ತಿಕ್ಕಬೇಕಾದ ಮೈಯ ಒಂದು ಭಾಗ, ಅಷ್ಟೆ.

ಒಂದು ಬೆಳಗ್ಗೆ ಅವಳು ಬೆನ್ನಿಗೆ ಎಣ್ಣೆ ಹಾಕುತ್ತ ಕೈ ನಿಲ್ಲಿಸಿದಳು.

"ಅವ್ವಾರೇ, ನನ್ನ ಬೈದು ಎಷ್ಟು ದಿವ್ಸಾಯ್ತು?"

ಪಾರ್ವತಮ್ಮ ಬಲಗೈಯಿಂದ ಕರಡಿಗೆಯನ್ನು ಮುಚ್ಚಿಕೊಂಡರು.

"ಎಣ್ಣೆ ಬೇಕಂತ್ಲೇ ಬಿಸಿ ಮಾಡಿ ಸುರುದ್ರೂ ಕಮಕ್ ಕಿಮಕ್ ಅನ್ನಲಿಲ್ವಲ್ಲ. ಏನಾಯ್ತು? ಸೊಸೆ ಏನಾರ ಅಂದ್ಲಾ?"

"ಕೈ ಹೋಯ್ತು ಮಾದೇವಿ." ಪಾರ್ವತಮ್ಮ ಎಡಗೈಯನ್ನು ಮುಂದೆ ಚಾಚಿದರು. "ಕರಡಿಗೆ ತೆಗೆಯೋಕಾಗ್ತಿಲ್ಲ. ಒಂದು ತಿರುಪು ತಿರುಗಿಸೋ ಶಕ್ತಿ ಇಲ್ಲ ಈ ಕೈಲಿ. ಲಿಂಗದ ಮುಖ ನೋಡಿ ಎಷ್ಟೋ ದಿವಸ ಆಯ್ತು."

ಮಾದೇವಮ್ಮ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತು ತನ್ನ ಎರಡು ಬೆರಳನ್ನು ಅವರ ಎಡಗೈಗೆ ಕೊಟ್ಟಳು. "ಹಿಡೀರಿ. ಇನ್ನೂ ಬಿಗಿಯಾಗಿ. ಹಾಲು ಕರೆಯೋವಂಗೆ ಹಿಂಡಿ. ಅಯ್ಯಯ್ಯೋ, ಬುಡಿ, ಬುಡಿ! ಬೆರಳು ಮುರೀತಿದ್ದೀರ! ಇದಾ ಹೋದ ಕೈ?" ಆಮೇಲೆ ಅವಳ ಕಣ್ಣು ಎದೆಯ ಮೇಲಿನ ಕರಡಿಗೆಯ ಕಡೆ ಹೋಯಿತು. "ನಾ ಮುಟ್ಟಬೋದಾ? ಲಿಂಗವಂತರದ್ದು..."

ಬೇರೆ ದಿನವಾಗಿದ್ದರೆ ಪಾರ್ವತಮ್ಮ ಒಪ್ಪುತ್ತಿದ್ದರೋ ಇಲ್ಲವೋ. "ಮುಟ್ಟು" ಅಂದರು.

ಮಾದೇವಮ್ಮ ಎಣ್ಣೆಕೈಯನ್ನು ಸೀಗೆಪುಡಿ ಹಾಕಿ ತೊಳೆದು, ಸೆರಗಿಗೆ ಒರೆಸಿ, ಮುಚ್ಚಳ ಹಿಡಿದು ತಿರುಗಿಸಿದಳು. ಹಲ್ಲು ಕಚ್ಚಿ ತಿರುಗಿಸಿದಳು. ಎಷ್ಟೋ ಮೈಗಳನ್ನು ಮಣಿಸಿದ ಆ ಕೈಯ ನರಗಳು ಉಬ್ಬಿದವು. ಮುಚ್ಚಳ ಅಲ್ಲಾಡಲಿಲ್ಲ. ಅವಳು ಬಗ್ಗಿ ನೋಡಿದಳು.

"ಇದ್ಯಾತರ ತಿರುಪವ್ವ? ಹಳೇ ಬೆಳ್ಳಿಗೆ ಹೊಸಾ ತಿರುಪು ಕೂರ್ಸವ್ರೆ. ತಿಜೋರಿಗೆ ಹಾಕೋ ಅಂತಾದ್ದು. ಗರಡಿ ಪೈಲ್ವಾನ್ ಬಂದ್ರೂ ಬರಿಗೈಲಿ ತೆಗ್ಯಾಕಿಲ್ಲ ಇದನ್ನ. ಯಾರು ಹಾಕ್ಸಿದ್ದು?"

ಪಾರ್ವತಮ್ಮನ ಹಳೆಯ ಸಿಟ್ಟು ಎದ್ದು ಬಂತು. ಬೂದಿಯಡಿಯಲ್ಲಿ ಇಷ್ಟು ದಿನ ಹುದುಗಿದ್ದ ಕೆಂಡ. ಕೈ ಹೋಗಿರಲಿಲ್ಲ. ಕೈಯಲ್ಲಿ ಶಕ್ತಿಯಿತ್ತು. ಇಷ್ಟೊಂದು ಬೆಳಗು ಅವರು ತಮ್ಮನ್ನು ತಾವೇ ಸತ್ತವರೆಂದು ಎಣಿಸಿ ಕೂತದ್ದು ಒಂದು ತಿರುಪಿಗೆ, ಹೆತ್ತ ಮಗ ಪ್ರೀತಿಯಿಂದ ಹಾಕಿಸಿದ ತಿರುಪಿಗೆ.

ಸೀರೆಯನ್ನು ಮೈಗೆ ಸುತ್ತಿಕೊಂಡು, ಎಣ್ಣೆ ಇಳಿಯುವ ತಲೆಗೂದಲು ಬಿಚ್ಚಿಕೊಂಡೇ ಎದ್ದರು. ಬಚ್ಚಲ ಹೊಸಿಲು. ಪಾದ ಅಂಟಿತು. "ಬಡಿಯೇ ಚೊಂಬು!" ಎಂದು ಗುಡುಗಿದರು. ಮಾದೇವಮ್ಮ ಬಡಿದಳು. ನಡುಮನೆ ದಾಟಿ, ಅಂಗಡಿಗೆ ತೆರೆಯುವ ಬಾಗಿಲ ಹೊಸಿಲನ್ನೂ ಆ ಸದ್ದಿನ ಮೇಲೆಯೇ ದಾಟಿ ಅವರು ಮಗನೆದುರು ನಿಂತರು. ಹುರಿ ಕೊಳ್ಳಲು ಬಂದಿದ್ದ ರೈತರು ಅವರ ಅವತಾರ ಕಂಡು ಕೆಳಗಿಳಿದು ಬೀದಿಯಲ್ಲಿ ನಿಂತರು.

"ಕರಿಬಸ, ಈ ತಿರುಪು ಯಾವನು ಹಾಕಿಸ್ದವನು?"

ಕರಿಬಸವಯ್ಯ ಎದ್ದು ನಿಂತ. ಮುಖದ ಬಣ್ಣ ಇಳಿದುಹೋಗಿತ್ತು. "ಒಳಗೆ ಬಾರವ್ವ, ಮಾತಾಡಣ. ಜನ ನೋಡ್ತಾವ್ರೆ."

"ನೋಡ್ಲಿ. ನೋಡೋದು ತಾನೆ ಎಲ್ಲರೂ ಮಾಡ್ತಿರೋದು! ಹೇಳು."

"ನಾನೇ ಕಣವ್ವ. ಇನ್ನೇನು ಮಾಡ್ಲಿ? ಅಯ್ನೋರು ಹೇಳುದ್ರೂ ನೀ ಕೇಳಲಿಲ್ಲ. ಒಂದಿನ ಬಿದ್ದೋಗುತ್ತೆ. ಬಿದ್ರೆ ನೀನು ಒಂದು ಗಳಿಗೆ ಜೀವ ಇಟ್ಕೊಂಡಿರಾಕಿಲ್ಲ, ನನಗೆ ಗೊತ್ತು. ಅಪ್ಪನ್ನ ಕಳ್ಕೊಂಡಾಯ್ತು. ನೀನಾದ್ರೂ ಉಳೀಲಿ ಅಂತ..." ಅವನ ಕಣ್ಣಲ್ಲಿ ನೀರು ಬಂತು.

ಅವನ ಕಣ್ಣೀರು ಅವರ ಸಿಟ್ಟನ್ನು ಇಳಿಸಲಿಲ್ಲ. ಅದಕ್ಕೇ ಇನ್ನೂ ಹೆಚ್ಚು ಸಿಟ್ಟು ಬಂತು. ಕೆಟ್ಟವನಾಗಿದ್ದರೆ ಬೈದು ಹೊರಗೆ ಹಾಕಬಹುದಾಗಿತ್ತು.

"ಉಳಿಸ್ದೆ. ಚೆನ್ನಾಗಿ ಉಳಿಸ್ದೆ! ನನ್ನ ಕೈ ಸತ್ತೋಯ್ತು ಅಂತ ನಂಬ್ಕೊಂಡು ದಿನಾ ಬೆಳಗಾದ್ರೆ ಆ ಕೋಣೇಲಿ ಒಬ್ಬಳೇ ಅತ್ತಿದ್ದೀನಲ್ಲೋ. ಕಾಯಿಲೆ ಕಿತ್ಕೊಂಡಿದ್ದು ಒಂದಷ್ಟು. ಉಳಿದಿದ್ದನ್ನ ಕಿತ್ಕೊಂಡವನು ನೀನು. ಅದಕ್ಕೆ ಗುಣ ಆಗ್ತಿದೆ ಅಂತ ಹೆಸರಿಟ್ಟೆ. ನಾನು ಬೈಲಿಲ್ಲ ಅಂದ್ರೆ ನಿಂಗೆ ಸಮಾಧಾನ, ಅಲ್ವಾ? ಹೆಣಾನೂ ಬೈಯೋದಿಲ್ಲ ಕಣೋ."

ಗೋಡೆಯ ಮೊಳೆಗೆ ತಂತಿ ಕತ್ತರಿಸುವ ಇಕ್ಕಳ ತೂಗುಹಾಕಿತ್ತು. ಪಾರ್ವತಮ್ಮ ಅದರತ್ತ ಬೆರಳು ತೋರಿಸಿದರು.

"ತಗೊ. ತೆಗಿ."

ಕರಿಬಸವಯ್ಯ ಬೆಳ್ಳಿಗೆ ಬಟ್ಟೆ ಸುತ್ತಿ ಇಕ್ಕಳ ಹಾಕಿದ. ಇಕ್ಕಳ ಜಾರಿತು, ಮತ್ತೆ ಹಾಕಿದ. ಕೊನೆಗೆ ಕಿರ್ರೆಂದು ಮುಚ್ಚಳ ಸಡಿಲಾಯಿತು.

ಪಾರ್ವತಮ್ಮ ಬಚ್ಚಲಿಗೆ ವಾಪಸು ಹೋಗಿ ನೀರು ಹಾಕಿಸಿಕೊಂಡು, ಒಗೆದ ಸೀರೆ ಉಟ್ಟು, ವಿಭೂತಿ ಹಚ್ಚಿ ಮಣೆಯ ಮೇಲೆ ಕೂತರು. ಮಗನನ್ನೂ ಸೊಸೆಯನ್ನೂ ಬಾಗಿಲಿಗೆ ಕರೆದರು. ಮಾದೇವಮ್ಮ ಹಿಂದೆ ನಿಂತಳು. ಕರಿಬಸವಯ್ಯ ಅಭ್ಯಾಸಬಲದಿಂದ ಮೊಣಕಾಲೂರಿ ಬೊಗಸೆ ಒಡ್ಡಲು ಬಂದ.

"ಕೈ ಹಿಂದಕ್ಕೆ ಕಟ್ಕೊ. ನೋಡ್ಕೋಬೇಕು ಅಂತಿದ್ದೆಯಲ್ಲ, ದೂರ ನಿಂತು ನೋಡು."

ಲಿಂಗವನ್ನು ಅಂಗೈಯಲ್ಲಿಟ್ಟು ಎತ್ತಿದರು. ಎಷ್ಟು ದಿನದ ಮೇಲೆ! ಬೆಳಕಿನ ಚುಕ್ಕೆ ಇದ್ದಲ್ಲೇ ಇತ್ತು. ಕೈ ಒಂದು ಗಳಿಗೆ ನಿಂತಿತು. ಆಮೇಲೆ ನಡುಕ ಬಂತು. ಎಂದಿನ ನಡುಕವಲ್ಲ. ಸಿಟ್ಟೂ, ಎದುರಿಗೆ ನಿಂತ ಕಣ್ಣುಗಳೂ, ಇಷ್ಟು ದಿನದ ಹಸಿವೂ ಕೂಡಿಕೊಂಡ ನಡುಕ. ಬೆರಳು ಮಡಿಸಿ ಹಿಡಿಯುವಷ್ಟರಲ್ಲಿ ಲಿಂಗ ಅಂಗೈಯಿಂದ ಜಾರಿತು. ಮಣೆಯ ಅಂಚಿಗೆ ತಾಗಿ ಟಕ್ ಎಂದಿತು. ನೆಲಕ್ಕೆ ಬಿದ್ದು ಉರುಳಿ ಗೋಡೆಯ ಬುಡಕ್ಕೆ ಹೋಗಿ ನಿಂತಿತು.

ಪ್ರೇಮಲೀಲಾ ಬಾಯಿಗೆ ಸೆರಗು ಒತ್ತಿಕೊಂಡಳು. "ಶಿವನೇ" ಎಂದು ಕರಿಬಸವಯ್ಯ ನೆಲಕ್ಕೆ ಕುಸಿದ.

ಪಾರ್ವತಮ್ಮ ಕಾದರು. ಎದೆ ನಿಲ್ಲುವುದನ್ನು ನಿಜವಾಗಿಯೂ ಕಾದರು. ಅಜ್ಜಿ ಹೇಳಿದ್ದು, ತಾವು ನಂಬಿದ್ದು, ಮಗನಿಗೆ ಉಣಿಸಿದ್ದು, ಎಲ್ಲವೂ ಈ ಗಳಿಗೆಗಾಗಿಯೇ ಇತ್ತಲ್ಲ. ಎದೆ ಬಡಿದುಕೊಳ್ಳುತ್ತಿತ್ತು, ನಿಲ್ಲಲಿಲ್ಲ. ಹೊರಗೆ ಬೀದಿಯಲ್ಲಿ ಯಾವನೋ ಗಾಡಿಯವನು ದಾರಿ ಬಿಡಿ ಎಂದು ಕೂಗಿಕೊಂಡು ಹೋದ. ಹಂಡೆಯಡಿ ಸೌದೆ ಸಿಡಿಯಿತು. ಏನೂ ಆಗಲಿಲ್ಲ. ಆಗದೆ ಇದ್ದದ್ದನ್ನು ಕಂಡು ಅವರಿಗೆ ಅಳು ಬರಲಿಲ್ಲ, ನೆಮ್ಮದಿಯೂ ಬರಲಿಲ್ಲ. ಹುಚ್ಚು ಸಿಟ್ಟು ಬಂತು. ಇಷ್ಟೇನಾ? ಇಷ್ಟಕ್ಕಾ ಆ ಬೊಗಸೆ, ಆ ತಿರುಪು, ಆ ಬೆವರು?

ಮಗ ಲಿಂಗದ ಕಡೆಗೆ ತೆವಳಿದ.

"ಮುಟ್ಟಬೇಡ!"

ಅವನು ಇದ್ದಲ್ಲೇ ನಿಂತ. ಪಾರ್ವತಮ್ಮ ಮಣೆಯಿಂದ ಇಳಿದರು. ಬಿಗಿದ ಸೊಂಟ ಬಾಗಲಿಲ್ಲ. ಗೋಡೆಗೆ ಕೈಕೊಟ್ಟು ಒಂದು ಮಂಡಿ, ಆಮೇಲೆ ಇನ್ನೊಂದು ಮಂಡಿ ಊರಿದರು. ಬೆರಳುಗಳು ಲಿಂಗದ ಸುತ್ತ ನೆಲ ತಡವಿದವು, ತಪ್ಪಿದವು, ಮತ್ತೆ ತಡವಿದವು. ನೋಡುತ್ತಿದ್ದವರಿಗೆ ಅದು ಮುಗಿಯದ ಹೊತ್ತು. ಸಿಕ್ಕಿತು. ನೀರಿನಿಂದ ತೊಳೆದರು. ಲಿಂಗದ ಮೇಲೆ ಮೆತ್ತಿ ಕಟ್ಟಿದ್ದ ಕರಿ ಕಂತಿಯ ಒಂದು ಸಣ್ಣ ಚಕ್ಕೆ ಎದ್ದುಹೋಗಿತ್ತು. ಹೆಬ್ಬೆರಳಿನಿಂದ ಆ ಜಾಗವನ್ನು ಸವರಿ, ನೆಲದ ಮೇಲೆಯೇ ಕೂತು, ಮಡಿಲು ಹರವಿಕೊಂಡು, ಲಿಂಗವನ್ನು ಮತ್ತೆ ಎಡ ಅಂಗೈಗೆ ಇಟ್ಟುಕೊಂಡರು.

"ಬಿತ್ತು. ನೋಡಿದೆಯಲ್ಲ ಕರಿಬಸ? ನಾನಿನ್ನೂ ಕೂತಿದ್ದೀನಿ. ಇನ್ನೇನಿಟ್ಕೊಂಡು ಹೆದರಿಸ್ತೀಯ ನನ್ನ?" ಮುಖದಲ್ಲಿ ಏನೂ ಕಾಣಿಸುತ್ತಿರಲಿಲ್ಲ, ಧ್ವನಿ ಮಾತ್ರ ಕುದಿಯುತ್ತಿತ್ತು. "ನಾಳೆನೂ ಬೀಳುತ್ತೆ. ನನ್ನ ಮಡ್ಲಿಗೆ ಬೀಳುತ್ತೆ, ಎತ್ಕೋತೀನಿ. ನಿಮ್ಮ ಕೈ ನಿಮ್ಮ ಹತ್ರ ಇಟ್ಕೊಳ್ಳಿ. ಬಾಗಿಲು ಹಾಕ್ಕೊಂಡು ಹೋಗಿ."

ಮರಿದೇವಯ್ಯನವರು ಸುದ್ದಿ ಕೇಳಿ ಬಂದರು. ಬಿದ್ದ ಲಿಂಗದ ವಿಷಯದಲ್ಲಿ ಹಿರಿಯರು ಏನೇನು ಹೇಳಿದ್ದಾರೆಂದು ವಿವರಿಸಲು ಮೊದಲು ಮಾಡಿದವರು ಪಾರ್ವತಮ್ಮನ ಕಣ್ಣು ನೋಡಿ ಅರ್ಧಕ್ಕೇ ನಿಲ್ಲಿಸಿ, ಕಂತಿಯನ್ನು ಮತ್ತೆ ಕಟ್ಟಿಸಬಹುದು, ಒಳಗಿನ ಲಿಂಗಕ್ಕೆ ಏನೂ ಆಗಿಲ್ಲ ಎಂದರು. ಅಷ್ಟು ಸಾಕಾಗಿತ್ತು. ಅಕ್ಕಸಾಲಿಯ ಹತ್ತಿರಕ್ಕೆ ಪಾರ್ವತಮ್ಮ ತಾವೇ ಜಟಕಾ ಮಾಡಿಸಿಕೊಂಡು ಹೋಗಿ, ತಿರುಪನ್ನು ತೆಗೆಸಿ, ಹೆಬ್ಬೆರಳಿಂದ ಒತ್ತಿದರೆ ತೆರೆಯುವ ಮುಚ್ಚಳ ಹಾಕಿಸಿಕೊಂಡು ಬಂದರು. ಆ ಅಕ್ಕಸಾಲಿಗೂ ಅವತ್ತು ಬೀಳಬೇಕಾದಷ್ಟು ಬೈಗುಳ ಬಿತ್ತು.

ಆಮೇಲೂ ಅವರು ಕೆಲವು ವರ್ಷ ಬದುಕಿದರು. ಡಾಕ್ಟರ ಮಾತ್ರೆ, ಪಂಡಿತರ ಪುಡಿ, ಮಾದೇವಮ್ಮನ ಎಣ್ಣೆ, ಯಾವುದನ್ನೂ ಬಿಡಲಿಲ್ಲ. ಪುಡಿ ಬೆಳಗಿನ ಬಿಗಿಯನ್ನು ಒಂದಿಷ್ಟು ಸಡಿಲಿಸುತ್ತಿತ್ತು. ಎಣ್ಣೆ ನಿದ್ದೆ ತರುತ್ತಿತ್ತು. ಚೊಂಬಿನ ಸದ್ದು ಹೊಸಿಲು ದಾಟಿಸುತ್ತಿತ್ತು. ಕಾಯಿಲೆಯನ್ನು ಯಾವುದೂ ತಡೆಯಲಿಲ್ಲ, ಅದು ತನ್ನ ದಾರಿಯಲ್ಲಿ ನಡೆಯುತ್ತಲೇ ಇತ್ತು. ಹೆದರಿಕೆ ಮಾತ್ರ ಹೋಯಿತು. ಕೈ ನಡುಗಿದರೆ ನಡುಗಲಿ ಎಂದು ಬಿಟ್ಟ ಮೇಲೆ ನಡುಗುತ್ತಿದ್ದದ್ದು ಬರೀ ಕೈ.

ಮಗನನ್ನು ಅವರು ಪೂರ್ತಿ ಕ್ಷಮಿಸಲಿಲ್ಲ. ಊಟಕ್ಕೆ ಕೂತಾಗ, ಲೋಟ ತುಂಬ ಕಾಫಿ ಕೇಳುವಾಗ, ಇದ್ದಕ್ಕಿದ್ದಂತೆ, "ತಿರುಪು ಹಾಕಿಸ್ದನಂತೆ, ತಿರುಪು!" ಎಂದು ಚುಚ್ಚುತ್ತಿದ್ದರು. ಅವನು ತಲೆ ತಗ್ಗಿಸಿ ಉಣ್ಣುತ್ತಿದ್ದ.

ಬೆಳಗಿನ ಹೊತ್ತು ಆ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು. ನಡುಮನೆಯಲ್ಲಿ ಕೂತವರಿಗೆ ಒಳಗಿನ ಗುಣುಗುಟ್ಟುವ ಧ್ವನಿ ಕೇಳುತ್ತಿತ್ತು. ಒಂದೊಂದು ದಿನ ನಡುವೆ ಧ್ವನಿ ನಿಂತು, ಏನೋ ಮೆತ್ತಗೆ ಬಿದ್ದ ಸಪ್ಪಳವಾಗುತ್ತಿತ್ತು. ಆಮೇಲೆ ಸೀರೆಯ ಸರಬರ, ನೆಲ ತಡವುವ ಸದ್ದು, ಶಿವನನ್ನೋ ತಮ್ಮ ಕೈಯನ್ನೋ ಉದ್ದೇಶಿಸಿದ ಒಂದು ಬೈಗುಳ. ಕರಿಬಸವಯ್ಯ ಅರ್ಧ ಏಳುತ್ತಿದ್ದ. ಪ್ರೇಮಲೀಲಾ ಅವನ ಕಡೆ ನೋಡುವಳು. ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಮತ್ತೆ ಕೂರುತ್ತಿದ್ದ. ಒಳಗೆ ಧ್ವನಿ ನಿಂತಲ್ಲಿಂದಲೇ ಮುಂದುವರಿಯುತ್ತಿತ್ತು.